ಓರ್ಟ್

ವಿರಾಜಪೇಟೆ, ಗಡಿಯಾರ ಕಂಬದ ಹತ್ತಿರ,
ಬೇಕರಿಯ ಮಾಳಿಗೆಯಲ್ಲಿ ನನ್ನ ಜರ್ಮನ್ ತರಗತಿ.
ಐದೂವರೆಗೆ ಬನ್ನಿನ ವಾಸನೆ ಮೆಟ್ಟಿಲೇರಿ ಬರುತ್ತದೆ,
ಅದರ ಹಿಂದೆಯೇ ನರ್ಸಿಂಗ್ ಮುಗಿಸಿದ ಹನ್ನೊಂದು ಹುಡುಗಿಯರು.

ವ್ಯಾಕರಣ ಸಾಕು ಮೇಡಂ, ಊರು ಹೇಳಿ, ಅಂದಳು ಸಫೂರಾ.
ಕೆಲಸ ಎಲ್ಲಿ ಸಿಗುತ್ತದೋ,
ಹೆಸರಾದರೂ ಬಾಯಿಗೆ ಒಗ್ಗಲಿ.

ಗೋಡೆಯ ನಕಾಶೆಗೆ ಸ್ಕೇಲು ತಾಗಿಸಿದೆ.
ಓಕ್ಸೆನ್‌ಫುರ್ಟ್: ಎತ್ತುಗಳು ಹೊಳೆ ದಾಟುತ್ತಿದ್ದ ಕಡವು.
"ಎತ್ತುಕಡವು! ನಮ್ಮ ಕಡೆ ಬಸ್ಸು ನಿಲ್ಲುವಂಥ ಹೆಸರು,"
ಅಂದಳು ಬೊಳ್ಳಮ್ಮ.
ಬುರ್ಗ್ ಅಂದರೆ ಕೋಟೆ. ಕಡಂಗದ ಫ್ಲೋರಿನ್‌ಗೆ ಅದು ಸಲೀಸು,
ಅವಳ ಊರಿನ ಹೆಸರೇ ಕಂದಕ.
ಡೋರ್ಫ್, ನಮ್ಮ ಕೊಪ್ಪ.
ಹಾಗಾದರೆ ಸುಂಟಿಕೊಪ್ಪ ಇಂಗ್‌ವರ್‌ಡೋರ್ಫಾ ಮೇಡಂ?
ನಗು ಜೋರಾಯಿತು. ಕೆಳಗಿನಿಂದ ಬೇಕರಿಯವನು
ಸೂರಿಗೆ ಕೋಲಿನಿಂದ ಕುಟ್ಟಿದ.

ಬರ್ಲಿನ್ ಕರಡಿಯಲ್ಲ, ಧ್ವಜದ ಮೇಲೆ ಕರಡಿ ನಿಂತಿದ್ದರೂ.
ಜರ್ಮನರಿಗಿಂತ ಮೊದಲಿದ್ದವರ ಮಾತಿನಲ್ಲಿ
ಅದು ಕೆಸರು ನೆಲ.
ಲೈಪ್‌ಜಿಗ್, ಅವರದೇ ಒಂದು ಮರ.
ಆಡುವವರು ಬಹುಪಾಲು ಕರಗಿಹೋದರು,
ಹೆಸರು ಹೊಸಬರ ನಾಲಿಗೆಗೆ ಅಂಟಿಕೊಂಡು
ಅರ್ಥ ಮರೆತು ಬದುಕಿತು.

ಕೊನೇ ಬೆಂಚಿನ ಚೋಮಿ ತಲೆಯೆತ್ತಿದ್ದು ಆಗ.
"ನಮ್ಮ ಲೈನ್ ಮನೆಗಳ ಜಾಗಕ್ಕೂ ಒಂದು ಹೆಸರಿದೆ.
ತೋಟದ ದೊರೆ ಇಟ್ಟದ್ದಲ್ಲ, ಅಜ್ಜಿ ಕರೆಯುವುದು."
ಹೇಳಿದಳು, ಎರವರ ಮಾತಿನಲ್ಲಿ, ಉದ್ದಕ್ಕೆ.
ಬರೆದುಕೊಳ್ಳಲು ಹೋದೆ,
ಮೂರನೇ ಅಕ್ಷರಕ್ಕೇ ನನ್ನ ಸೀಮೆಸುಣ್ಣ ತಡವರಿಸಿತು.
ಅರ್ಥ ಕೇಳಿದೆ.
ಆನೆ ಮರಿ ಹಾಕಿ ಒರಗಿದ ಬಂಡೆ.
ಬಂಡೆ ಈಗಿಲ್ಲ. ಕಾಫಿ ಒಣಗಿಸುವ ಕಣ ಇದೆ.

ಅರ್ಜಿಯಲ್ಲಿ ಗೆಬುರ್ಟ್ಸ್‌ಓರ್ಟ್ ಎಂಬ ಸಾಲು: ಹುಟ್ಟಿದ ಸ್ಥಳ.
ಓರ್ಟ್ ಇವತ್ತು ಸ್ಥಳ,
ಸಾವಿರ ವರ್ಷದ ಹಿಂದೆ ಈಟಿಯ ಮೊನೆ.
ಮೊನೆ ಜಾಗವಾದ ಬಗೆಯನ್ನು ನಿಘಂಟು ಎರಡು ಅಂಕಣ ಹೇಳುತ್ತದೆ,
ನನಗೆ ಕನ್ನಡವೇ ಸಾಕಾಯಿತು:
ಊರಿದರೆ ಊರು.
ಎರಡಕ್ಕೂ ಬೇರು ಒಂದೇನಾ, ಪಂಡಿತರು ಜಗಳಾಡಿಕೊಳ್ಳಲಿ.

ಆ ಸಾಲಿಗೆ ಇಪ್ಪತ್ತೇ ಚೌಕ.
ಫ್ಲೋರಿನ್‌ಗೆ ಏಳು ಸಾಕಾದವು.
ಅಜ್ಜಿಯ ಹೆಸರು ಹಿಡಿಯಲಿಲ್ಲ.
ಚೋಮಿ ಉಳಿದವರ ಹಾಗೆಯೇ
ರಾಜನ ಹೆಸರಿನ ಪೇಟೆಯನ್ನು ಒತ್ತಿ ಬರೆದಳು.

ರಾತ್ರಿ ಹಾಳೆಗಳನ್ನು ಜೋಡಿಸುವಾಗ
ಅವಳ ಅರ್ಜಿಯ ಹಿಂಬದಿಗೆ ಬೆರಳು ತಗುಲಿತು.
ಊರಿನ ಹೆಸರು ಮುಗಿದ ಮೇಲೆ, ಖಾಲಿ ಚೌಕವೊಂದರಲ್ಲಿ,
ಪೆನ್ನಿನ ಮೊನೆ ಕಾಗದ ತೂರಿ ಆಚೆ ಬಂದಿತ್ತು.

ಬೇರೆ ಅರ್ಜಿ ಬರೆಸಬೇಕಿತ್ತೇನೋ.
ಬರೆಸಲಿಲ್ಲ.