ದುಭಾಷಿ

ಪೆರ್ಲದ ಪಂಚಾಯತು ಹಾಲ್‌ನ ಪರದೆ
ಎರಡು ಬಿಳಿ ಮುಂಡು ಜೋಡಿಸಿ ಹೊಲಿದದ್ದು;
ಮುಖ ದೊಡ್ಡದಾದಾಗೆಲ್ಲ ನಡುವೆ ಹೊಲಿಗೆ ಕಾಣುತ್ತದೆ.
ತಿರುವನಂತಪುರದಲ್ಲಿ ಬಹುಮಾನ ಬಂದ ಚಿತ್ರ,
ಹನ್ನೊಂದು ನಿಮಿಷದ್ದು.
ತೆಗೆದವಳು ನಮ್ಮ ಶಾಲೆಯಲ್ಲಿ ಕಲಿತ ಶಶಿಕಲಾ,
ಕೊರಗರ ಕಾಲನಿಯ ಬೊಗ್ರನ ಮೊಮ್ಮಗಳು.
‘ಮಾಷ್ಟ್ರೇ, ಎದುರು ಕೂತುಕೊಳ್ಳಿ’ ಅಂದಳು.
ಕೂತೆ.

ಕಥೆ ಹೆಚ್ಚಿಲ್ಲ.
ಒಂದು ಮೇಜು. ಒಂದು ಕಾಗದ, ಮಲಯಾಳದಲ್ಲಿ
ಒತ್ತೊತ್ತಾಗಿ ಬರೆದ ಉರುಟುರುಟು ಅಕ್ಷರ.
ಸ್ಟೇಷನ್ನಿನ ಜಗಲಿಯಲ್ಲಿ ಅರ್ಧ ಹೆಣೆದ ಕುಕ್ಕೆ;
ಹಸಿಬಳ್ಳಿ ಒಣಗುತ್ತ ಬರುತ್ತದೆ,
ಒಣಗಿದರೆ ಬಾಗುವುದಿಲ್ಲ.

ದೊಡ್ಡಮನೆಯ ತಾಮ್ರದ ಕೊಡಪಾನ ಕಾಣೆ.
ಅಂದು ಅಂಗಳದ ಕೊನೆಯವರೆಗೆ
ಕುಕ್ಕೆ ಕೊಡಲು ಬಂದವನು ಬೊಗ್ರ.
ಸಾಕ್ಷಿ ಅಷ್ಟೇ.

ಪೊಲೀಸರಿಗೆ ತುಳು ಬಾರದು, ಬೊಗ್ರನಿಗೆ ಮಲಯಾಳ ಬಾರದು,
ನಡುವೆ ಒಬ್ಬ ಬೇಕಿತ್ತು.
ಚಿತ್ರದಲ್ಲಿ ಅವನಿಗೆ ಮುಖವಿಲ್ಲ:
ಕುತ್ತಿಗೆಯಿಂದ ಕೆಳಗೆ ಇಸ್ತ್ರಿ ಹಾಕಿದ ಅಂಗಿ,
ಕಿಸೆಯಲ್ಲಿ ಕೆಂಪು ಪೆನ್ನು.
ಅವನ ಮಾತು ಒಂದೇ:
‘ಏನೂ ಇಲ್ಲ ಬೊಗ್ರಾ, ಹೆಬ್ಬೆಟ್ಟು ಒತ್ತು, ಮನೆಗೆ ಹೋಗು.’

ನಾನು ಅಂದದ್ದು ತುಳುವಿನಲ್ಲಿ.
ನನಗೆ ಆರೂಕಾಲರ ಬಸ್ಸಿತ್ತು.
ಕಾಗದ ಓದಿರಲಿಲ್ಲ.
ಇಲ್ಲ, ಮೊದಲ ಸಾಲು ಓದಿದ್ದೆ.
ಕದ್ದದ್ದು ನಾನೇ ಎಂದು ಶುರುವಾಗುತ್ತಿತ್ತು.

ಏಳು ತಿಂಗಳು ಒಳಗಿದ್ದ.
ಪಗ್ಗುವಿನಲ್ಲಿ ಬಾವಿಯ ಕೆಸರು ತೆಗೆಯುವಾಗ
ಕೊಡಪಾನ ಮೇಲೆ ಬಂತು, ಕಂಠಕ್ಕೆ
ತುಂಡು ಹಗ್ಗ ಸಮೇತ.
ಹುಣಸೆಹುಳಿ ಹಾಕಿ ತಿಕ್ಕಿ ಒಳಗಿಟ್ಟರು.
ಸ್ಟೇಷನ್ನಿಗೆ ಹೇಳಲು ಯಾರೂ ಹೋಗಲಿಲ್ಲ;
ಅದಕ್ಕೆ ದುಭಾಷಿ ಬೇಕಿರಲಿಲ್ಲ.

ಕೊನೆಗೆ ಪರದೆ ತುಂಬ ಒಂದು ಹೆಬ್ಬೆಟ್ಟು,
ನೇರಳೆ ಶಾಯಿ, ಗೆರೆಯೊಳಗೆ ಗೆರೆ,
ಮುಂಡಿನ ಹೊಲಿಗೆ ಅದರ ನಡುವೆಯೇ ಹಾದು.
ಲೈಟು ಹಾಕಿದರು. ಚಪ್ಪಾಳೆ.
ಹಿಂದಿನ ಬೆಂಚಿನಿಂದ ಮುದುಕಿ ಗುರ್ಬಿ ಕೇಳಿದಳು:
‘ಮುಗಿಯಿತಾ? ಇದರಲ್ಲೂ ಅವರು
ಮನೆಗೆ ಬರುವುದಿಲ್ಲವಾ?’

ಯಾರೂ ಉತ್ತರ ಕೊಡಲಿಲ್ಲ. ಶಶಿಕಲಾ
ಮೈಕು ತಂದು ನನ್ನ ಕೈಯಲ್ಲಿಟ್ಟಳು.
ಬೆಚ್ಚಗಿತ್ತು.
ಯಾವ ಭಾಷೆಯಲ್ಲಿ, ಎಂದು ಕೇಳಿದೆ.
‘ನಿಮಗೆ ಮೂರೂ ಬರುತ್ತದಲ್ಲ’
ಅಂದಳು.