ಪರಿಶಿಷ್ಟ ಒಂದು

ತೋರುಬೆರಳಿಗೆ ಹದಿನಾಲ್ಕು,
ನಡುಬೆರಳಿಗೆ ಹನ್ನೆರಡು,
ಎರಡೂ ಒಟ್ಟಿಗೆ ಹೋದರೆ ಇಪ್ಪತ್ತು.
ಕೂಡಿದರೆ ಇಪ್ಪತ್ತಾರಲ್ಲವೇ ಎಂದು
ಮೊದಲ ವರ್ಷ ನನ್ನ ಸೀನಿಯರನ್ನು ಕೇಳಿದ್ದೆ.
ಕಾಯಿದೆಯ ಲೆಕ್ಕ ಬೇರೆ ಎಂದು
ಅವರು ಅಡಿಕೆ ಕತ್ತರಿಸಿದರು.

ಈಗ ಆ ಕೋಷ್ಟಕ ನನಗೆ ಮಗ್ಗಿಯಷ್ಟು ಬಾಯಿಪಾಠ.
ಅರ್ಜಿ ಇಂಗ್ಲಿಷಿನಲ್ಲಿ, ವಾದ ಮರಾಠಿಯಲ್ಲಿ;
ಎಣಿಸುವುದು ಮಾತ್ರ ಇವತ್ತಿಗೂ ಕನ್ನಡದಲ್ಲಿ,
ಸೊಲ್ಲಾಪುರದ ಶಾಲೆ ಬೆರಳ ಗೆಣ್ಣುಗಳಲ್ಲಿ ಉಳಿದಿದೆ.
ಪುಣೆಯ ಶಿವಾಜಿನಗರದಲ್ಲಿ ಇಪ್ಪತ್ತೆರಡು ವರ್ಷ,
ಯಾವಾಗಲೂ ಮಾಲೀಕರ ಕಡೆ.

ಭೋಸರಿಯ ಓಝರಕರ್ ಕೆಟ್ಟವರಲ್ಲ.
ಪ್ರತಿ ಫೈಲಿಗೂ ಹೀಗೆ ಹೇಳಿಕೊಳ್ಳುತ್ತೇನೆ,
ಇವರ ಮಟ್ಟಿಗೆ ಅದು ನಿಜವೂ ಹೌದು.
ನಾಲ್ಕು ಪವರ್ ಪ್ರೆಸ್ಸು, ಬ್ಯಾಂಕಿನ ಸಾಲ,
ತಿಂಗಳಿಗೆ ನಲವತ್ತು ಸಾವಿರ ಬ್ರಾಕೆಟ್ಟು ಕೇಳುವ
ಚಾಕಣದ ದೊಡ್ಡ ಕಂಪನಿ.
ಆ ರಾತ್ರಿ ತಮ್ಮ ಕಾರಿನಲ್ಲೇ ಅವನನ್ನು ಆಸ್ಪತ್ರೆಗೆ ಒಯ್ದರು,
ಟವೆಲಿನಲ್ಲಿ ಕೈ, ಐಸಿನ ಚೀಲದಲ್ಲಿ ಬೆರಳು.
ಬಿಲ್ಲುಗಳೆಲ್ಲ ಇವೆ, ನಂಬರ್ ಹಾಕಿ ಹೊಲಿದದ್ದು.
ಏಳನೆಯದು ಸೀಟ್ ಕವರ್ ತೊಳೆಸಿದ ರಸೀದಿ:
ಆರುನೂರೈವತ್ತು.
ಇದು ಬೇಡ, ಎಂದು ಬಿಚ್ಚಿ ತೆಗೆದೆ.
ಯಾಕೆ, ಅದೂ ಖರ್ಚೇ ಅಲ್ಲವೇ, ಎಂದರು
ನಿಜವಾಗಿಯೂ ಅರ್ಥವಾಗದೆ.

ಸಾಯಬಣ್ಣ ತಳವಾರ, ಮೂವತ್ತೊಂದು, ಅಫಜಲಪುರ ತಾಲೂಕು.
ಕೇಳಿದ್ದು ಮೂರು ಲಕ್ಷ ಎಪ್ಪತ್ತು ಸಾವಿರದ ಏಳುನೂರ ಹತ್ತು.
ನಮ್ಮ ಜವಾಬು:
ಅವನ ಸಂಬಳ ಅಷ್ಟಿರಲಿಲ್ಲ.
ಇದ್ದರೂ ಅವನು ನಮ್ಮ ಆಳಲ್ಲ, ಗುತ್ತಿಗೆದಾರನ ಆಳು.
ನಮ್ಮವನೇ ಆದರೂ
ಮಷೀನಿನ ಗಾರ್ಡನ್ನು ಬೇಕೆಂದೇ ಬಿಚ್ಚಿದವನು ಅವನೇ.
ಒಂದು ಬಾಗಿಲು ಮುರಿದರೆ ಹಿಂದೆ ಇನ್ನೊಂದಿರಬೇಕು,
ಜವಾಬು ಬರೆಯುವ ಕ್ರಮವೇ ಹಾಗೆ.

ಗಾರ್ಡ್ ತೆಗೆದದ್ದು ಯಾರು, ಎಂದು ಮರಾಠಿಯಲ್ಲಿ ಕೇಳಿದೆ.
'ಮೀಚ್' ಎಂದ. ನಾನೇ.
ಆಮೇಲೆ ತಲೆ ತಗ್ಗಿಸಿ, ಕಟಕಟೆಯ ಕಟ್ಟಿಗೆಗೆ ಹೇಳುವ ಹಾಗೆ:
'ತೆಗೀ ಅಂದ್ರ ತೆಗೀಬೇಕಲ್ರಿ.
ಇಲ್ಲಂದ್ರ ತಾಸಿಗೆ ಆರ್ನೂರು ಹೊಡ್ಯಾಕ ಆಗ್ತದೇನ್ರಿ.'

ಟೈಪಿಸ್ಟ್ ಬೆರಳೆತ್ತಿ ಕಾದ.
ಏನಂದ, ಎಂದು ನ್ಯಾಯಾಧೀಶರು.
ಅವನ ವಕೀಲ, ಲಾತೂರಿನ ಹುಡುಗ, ಗೊತ್ತಿಲ್ಲವೆಂದು ಕೈ ತಿರುವಿದ.
ಫ್ಯಾನು ಗರಗರ ತಿರುಗುತ್ತಿತ್ತು.
ಇಡೀ ಕೋಣೆಯಲ್ಲಿ ಆ ಮಾತು ಹೊಕ್ಕದ್ದು
ನನ್ನ ಎರಡು ಕಿವಿಗೆ.

ಮತ್ತೇನೂ ಪ್ರಶ್ನೆಯಿಲ್ಲ, ಎಂದೆ.

ದಾಖಲಾಯಿತು: ಗಾರ್ಡ್ ನಾನೇ ತೆಗೆದೆ ಎಂಬುದು ನಿಜ.
ಎದುರು ಪಕ್ಷದ ಸಾಕ್ಷಿಗೆ ನಾನು ದುಭಾಷಿಯಲ್ಲ.
ಇದನ್ನು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ,
ತೀರ್ಪುಗಳ ಸಮೇತ.

ಸಹಿಗೆ ಕರೆದರು.
ಹೆಬ್ಬೆರಳಿಗೂ ಉಂಗುರಬೆರಳಿಗೂ ನಡುವೆ ಪೆನ್ನು ಸಿಕ್ಕಿಸಿ
ಬರೆಯತೊಡಗಿದ. 'ಣ್ಣ'ದ ಒತ್ತಿನಲ್ಲಿ ಅದು ಜಾರಿ
ಮೇಜಿನ ಮೇಲೆ ಉರುಳಿ ನನ್ನ ಫೈಲಿಗೆ ತಾಕಿ ನಿಂತಿತು.
ಎತ್ತಿ ಕೊಟ್ಟೆ.
ತಗೋಳ್ರಿ, ಅಂದುಬಿಟ್ಟೆ.

ಅವನು ಪೆನ್ನು ನೋಡಲಿಲ್ಲ, ನನ್ನ ಬಾಯಿ ನೋಡಿದ.
ಸಿಟ್ಟಿರಲಿಲ್ಲ. ಎಷ್ಟೋ ಹೊತ್ತಿನಿಂದ ಎಣಿಸುತ್ತಿದ್ದವನಿಗೆ
ನಡುವೆ ಯಾರೋ ಕೂಗಿ ಲೆಕ್ಕ ತಪ್ಪಿದ ಹಾಗಿತ್ತು.
'ಯಾವೂರ್ರಿ ನಿಮ್ದು?'

ಮುಂದಿನ ತಾರೀಖು ಹತ್ತೊಂಬತ್ತು, ವಾದಕ್ಕೆ.
ಅಂಚಿನಲ್ಲಿ ಗುರುತು ಹಾಕಿದ್ದೇನೆ:
ಒಪ್ಪಿಗೆ, ಪುಟ ನಾಲ್ಕು, ಸಾಲು ಆರು.
ರಸೀದಿ ಡ್ರಾಯರಿನಲ್ಲೇ ಇದೆ, ಹರಿದು ಹಾಕಿಲ್ಲ.
ಸಂಜೆ ಓಝರಕರ್ ಫೋನು ಮಾಡಿದರು. ಖುಷಿಯಲ್ಲಿದ್ದರು.
ಅಂದಹಾಗೆ ಅವನು ಅವನ ಭಾಷೆಯಲ್ಲಿ
ಏನೋ ಅನ್ನುತ್ತಿದ್ದನಲ್ಲ, ಏನದು, ಎಂದರು.

ಊರು ಕೇಳಿದ, ಎಂದೆ.