ಎಡ ಮೂಲೆಯವನು ಹೇಳಿದ್ದು

ಅವನ ಹೆಸರು ಮೌನೇಶ. ತಿಂಥಣಿಗೆ ಹರಕೆ ಹೊತ್ತು
ಪಡೆದ ಮಗ. ಮಾತು ಕಡಿಮೆ.
ಅಂಥವನ ಹೊಟ್ಟೆಪಾಡು ನೋಡಿ:
ಒಂದೇ ಶಬ್ದವನ್ನು ಮೂವತ್ತು ಸೆಕೆಂಡು
ಉಸಿರು ಕಡಿಯದೆ ಆಡುತ್ತಲೇ ಇರುವುದು.
ನಗು ಬರುತ್ತದೆ ನನಗೆ, ಈಗಲೂ.

ನಾನು ಹುಸೇನಪ್ಪ. ಹಟ್ಟಿ ಗಣಿಯ ದೀಪದ ಕೋಣೆಯಲ್ಲಿ
ಇಳಿಯುವವರಿಗೆ ದೀಪ ಕೊಡುತ್ತೇನೆ,
ಹತ್ತಿಬಂದವರಿಂದ ಎಣಿಸಿ ತಗೊಳ್ಳುತ್ತೇನೆ.
ಅದಕ್ಕೂ ಮೊದಲು ಎಡ ಮೂಲೆಯಲ್ಲಿ ನಿಂತವನು.
ದೇಶವೆಲ್ಲ ಟಿವಿಯಲ್ಲಿ ನೋಡಿದ ಆ ಬಲಗಾಲ ಹರಡನ್ನು
ಮೊಟ್ಟಮೊದಲು ಹಿಡಿದ ಕೈ ಇದು.
ಕಿರುಬೆರಳು ಇನ್ನೂ ಸೊಟ್ಟ.

ಗ್ರೌಂಡ್ ಅಂದರೆ, ಅದಿರು ಅರೆದು ಬಂಗಾರ ತೆಗೆದು
ಚೆಲ್ಲಿದ ಬೂದು ದಿಬ್ಬದ ಹಿಂದಿನ ಬಯಲು.
ಗಾಳಿ ಎದ್ದರೆ ಹಲ್ಲಿನಲ್ಲಿ ಕರಕರ.
ಒಲೆಬೂದಿಯಲ್ಲಿ ಎಳೆದ ಗೆರೆ.
ಪಾಳಿ ಬಿಡುವ ಸೈರನ್ನಿಗೆ ಶುರು, ಗೆರೆ ಕಾಣದಾದಾಗ ಮುಕ್ತಾಯ.
ಅವನು ಬರುತ್ತಿದ್ದದ್ದು ನೆಲದ ವಾಸನೆ ನೋಡುವವನ ಹಾಗೆ,
ತಗ್ಗಿ, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೊಂದು ಸುಳ್ಳು,
ಹಿಡಿದೆ ಅನ್ನುವಷ್ಟರಲ್ಲಿ ಕೈಯಲ್ಲಿ ಬರೀ ಮಣ್ಣು.
"ಏನಲೇ, ಕಾಲಿಗೆ ಎಣ್ಣಿ ಹಚ್ಚಿಯೇನು?"
ಉತ್ತರವಿಲ್ಲ.

ಆಮೇಲೆ ತಾಲೂಕು, ಜಿಲ್ಲೆ, ರೈಲಿನ ಬಾಗಿಲಲ್ಲಿ ಕೂತು ರಾಜ್ಯ.
ಆಮೇಲೆ ಹರಾಜು.
ಅವನ ಅವ್ವ ದುರುಗಮ್ಮ ರಾಯಚೂರಿನ ಹತ್ತಿ ಮಾರ್ಕೆಟ್ಟು ಕಂಡವಳು:
ಅಂಡಿಗೆಗೆ ಕೈ ಹಾಕಿ, ಒಂದು ಹಿಡಿ ಹಿಂಜಿ,
ಎಳೆಯ ಉದ್ದ ನೋಡಿ ಬೆಲೆ ಕೂಗುವ ಅಡತಿಯವರನ್ನು ಕಂಡವಳು.
ಟಿವಿ ಮುಂದೆ ಕೂತು ಕೇಳಿದಳು:
"ಹತ್ತಿ ನಮ್ದು, ನಾವು ತಂದು ಹಾಕ್ತೀವಿ.
ಇವನ್ನ ಯಾರು ತಂದು ಹಾಕ್ಯಾರ ಅಲ್ಲಿ?"
ಎಂಟು ಲಕ್ಷ. ನಾವು ಪಟಾಕಿ ಹೊಡೆದೆವು.
ಅವಳು ಒಳಗೆ ಹೋಗಿ ರೊಟ್ಟಿ ಬಡಿದಳು,
ದಿನಕ್ಕಿಂತ ಜೋರಾಗಿ.

ಮೊದಲ ವರ್ಷ ಸಮುದ್ರದ ಊರು, ಹಸಿರು ಅಂಗಿ.
ಮುಂದೆರಡು ವರ್ಷ ಉತ್ತರದ ತಂಡ.
ಅಲ್ಲಿ ಅವನಿಗೂ ಅವರಿಗೂ ಗೊತ್ತಿದ್ದ ಮಾತು
ಕಬಡ್ಡಿ ಒಂದೇ.
ಬರಿಗಾಲಿಗೆ ನೆಲ ಏನೋ ಹೇಳುತ್ತಿತ್ತಂತೆ,
ಮ್ಯಾಟು ಬೂಟಿಗೆ ಏನೂ ಹೇಳುವುದಿಲ್ಲವಂತೆ.
ಫೋನಿನಲ್ಲಿ ಇಷ್ಟೇ ದೂರು.
ಒಂದು ರಾತ್ರಿ ಐವರ ರಾಶಿಯಡಿಯಿಂದ ತೆವಳಿ ಗೆರೆ ಮುಟ್ಟಿದ;
ದೀಪದ ಕೋಣೆಯ ಸಣ್ಣ ಫೋನಿನಲ್ಲಿ ನೋಡಿದೆವು,
ಇಳಿಯಬೇಕಾದ ಪಾಳಿ ಎಂಟು ನಿಮಿಷ ತಡವಾಗಿ ಇಳಿಯಿತು.
ಮೇಸ್ತ್ರಿ ಬೈಯಲಿಲ್ಲ. ಫೋನ್ ಹಿಡಿದಿದ್ದವನೇ ಅವನು.

ನಾಲ್ಕನೆಯ ವರ್ಷ ಮಂಡಿ.
ಯಾರೂ ಮುಟ್ಟಿರಲಿಲ್ಲ. ತಾನೇ ತಿರುಗಿದ.
ಒಳಗೆ ಹಸಿಕಡ್ಡಿ ಲಟಕ್ಕೆಂದ ಸದ್ದು
ಅವನೊಬ್ಬನಿಗೇ ಕೇಳಿಸಿತು.
ಮುಂದಿನ ಹರಾಜಿನಲ್ಲಿ ಹೆಸರು ಕೂಗಿದರು.
ಒಂದು ಸಲ.
ಇನ್ನೊಂದು ಸಲ.
ಆ ಹಾಲಿನಲ್ಲಿ ಅವನ ಹೆಸರಿಗೆ ಅರ್ಥ ಬಂತು.

ಈಗ ಕ್ರೀಡಾ ಕೋಟಾ, ಟೈಮ್ ಆಫೀಸಿನ ಕುರ್ಚಿ.
ಹಾಜರಿ ಕೂಗುತ್ತಾನೆ; ಯಾರಾದರೂ
"ಇದ್ದೀನ್ರಿ" ಅಂದ ಕೂಡಲೇ
ತಲೆಯೆತ್ತಿ ಒಂದು ಕ್ಷಣ ಅವರನ್ನೇ ನೋಡುತ್ತಾನೆ.

ಮೊನ್ನೆ ರಾತ್ರಿ ಪಾಳಿ ಮುಗಿಸಿ ಬರುವಾಗ ಬಯಲಲ್ಲಿ ನಿಂತಿದ್ದ.
"ಹಿಡೀಲೇ ಹುಸೇನಾ."
ನನಗೆ ಮೂವತ್ತೇಳು, ಸೊಂಟ ಹಿಡಿದಿದೆ. ಅವನ ಕಾಲೊಳಗೆ ಸ್ಕ್ರೂ.
ದಿಬ್ಬದ ಮೇಲೆ ಅರ್ಧ ಚಂದ್ರ, ನಾಯಿ ಒಂದು.
ಬಂದ. ತಗ್ಗಿದ. ಬಲಕ್ಕೆ ಅದೇ ಸುಳ್ಳು, ಸ್ವಲ್ಪ ನಿಧಾನ.
ಹಿಡಿದೆ. ಬಿಡಲಿಲ್ಲ.
ಎಳೆದುಕೊಂಡೇ ಹೊರಟ, ನನ್ನೆದೆ ನೆಲ ಉಜ್ಜುತ್ತ,
ಅವನ ಬಾಯಲ್ಲಿ ಅದೊಂದೇ ಶಬ್ದ, ಸಣ್ಣಗೆ, ಕಡಿಯದೆ.
ಬಿದ್ದ. ಕೈ ಚಾಚಿದ.

ಗೆರೆ ಮುಟ್ಟಿದೆ ಅಂತಾನೆ ಅವನು.
ಇಲ್ಲ ಅಂತೀನಿ ನಾನು.
ಬೂದಿಯ ಗೆರೆ, ನಾವಿಬ್ಬರೂ ಬಿದ್ದು ಅಳಿಸಿಹೋಗಿತ್ತು.
ಜಗಳ ಇನ್ನೂ ನಡೆದಿದೆ, ಚಹಾದಂಗಡಿಯಲ್ಲಿ, ಗೇಟಿನಲ್ಲಿ, ದೀಪದ ಕಿಟಕಿಯಲ್ಲಿ.
ಜನ್ಮದಲ್ಲಿ ಅವನು
ಇಷ್ಟು ಮಾತಾಡಿದ್ದು ಇದೇ ಮೊದಲು.